ಆರ್ದ್ರಾ ನಕ್ಷತ್ರದ ಮುಪ್ಪು

ಮಾಘಮಾಸದ ಒಂದು ಸಂಜೆ ಬೆಳಗಾವಿಯ ಮಹಾಂತೇಶ ನಗರದ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಆ ಮನೆಯ ತಾಯಿಯವರು ಹಿಂಜರಿಯುತ್ತ ಕೇಳಿದರು: "ಗುರುಗಳ, ನಮ್ಮ ಮಗಳ ಜನ್ಮನಕ್ಷತ್ರ ಆರ್ದ್ರಾ. ಆ ಚುಕ್ಕಿ ಸಾಯಾಕತ್ತೈತಿ ಅಂತಾರ. ಹುಡುಗಿಗೆ ಏನರ ಕೇಡು ಆದೀತೇನ್ರಿ?"

ಎಲ್ಲರನ್ನೂ ಮಾಳಿಗೆಗೆ ಕರೆದೆವು. ಬಾಣದಂತೆ ಸಾಲಾಗಿ ತೋರುವ ಮೂರು ಚುಕ್ಕೆಗಳ ಮೇಲೆ, ಎಡಕ್ಕೆ, ಕೆಂಪಾಗಿ ಹೊಳೆಯುವುದೇ ಆರ್ದ್ರಾ. ನಮ್ಮ ಒಕ್ಕಲಿಗರ ಬಾಯಲ್ಲಿ ಆರಿದ್ರಾ ಮಳೆಯ ಚುಕ್ಕೆ. ಅದು ಮಳೆ ಸುರಿಸುವುದಿಲ್ಲ. ಸೂರ್ಯನು ಆಕಾಶದ ಆ ಭಾಗಕ್ಕೆ ಬರುವ ಕಾಲಕ್ಕೆ ಆ ಹೆಸರು, ಅಷ್ಟೆ.

ಮಳೆಯ ಹೆಸರುಗಳಲ್ಲಿಯೇ ನಕ್ಷತ್ರಗಳ ಆಯುಷ್ಯದ ಕಥೆಯುಂಟು. ಆ ಮೂರು ಚುಕ್ಕೆಗಳ ಕೆಳಗೆ ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿ ಅನಿಲ, ಧೂಳಿನ ಮೋಡವೊಂದಿದೆ. ಅದು ತನ್ನ ಭಾರಕ್ಕೆ ತಾನೇ ಕುಸಿದು, ಬಿಸಿಯೇರಿ, ಇಂದಿಗೂ ನಕ್ಷತ್ರಗಳನ್ನು ಹೆರುತ್ತಿದೆ. ಕೃತ್ತಿಕೆಯ ಚುಕ್ಕೆಗಳು ಸುಮಾರು ಹತ್ತು ಕೋಟಿ ವರ್ಷದ ಎಳೆಯವು. ನಮ್ಮ ಸೂರ್ಯನಿಗೆ 460 ಕೋಟಿ ವರ್ಷ, ನಡುವಯಸ್ಸು. ಒಡಲಿನ ಜಲಜನಕ ತೀರಿದಾಗ ಅವನೂ ರೋಹಿಣಿಯಂತೆ ಉಬ್ಬಿ ಕೆಂಪೇರಿ, ಕಡೆಗೆ ಬಿಳಿಯ ಕುಬ್ಜನಾಗಿ ತಣ್ಣಗಾಗುವನು.

ಆರ್ದ್ರೆಯ ಪಾಡು ಬೇರೆ. ಸೂರ್ಯನಿಗಿಂತ ಹತ್ತಾರು ಪಟ್ಟು ಭಾರ, ಆದುದರಿಂದಲೇ ದುಂದುಗಾರ. ಒಂದು ಕೋಟಿ ವರ್ಷದೊಳಗೇ ಮುಪ್ಪು ಬಂದಿದೆ. ಗರ್ಭದಲ್ಲಿ ಕಬ್ಬಿಣ ಕೂಡಿತೆಂದರೆ ಉರಿಯಲು ಏನೂ ಉಳಿಯದು. ಗರ್ಭವು ಕ್ಷಣದಲ್ಲಿ ಕುಸಿದು ಮೈಯೆಲ್ಲ ಸಿಡಿಯುತ್ತದೆ. 2019ರ ಕೊನೆಯಿಂದ 2020ರ ಫೆಬ್ರುವರಿಯವರೆಗೆ ಅದು ಮಂಕಾದಾಗ ಲೋಕವೆಲ್ಲ ಗಾಬರಿಗೊಂಡಿತು. ಆದರೆ ಅದು ತಾನೇ ಉಗುಳಿದ ಧೂಳಿನ ಮರೆಯೆಂದು ಬಳಿಕ ತಿಳಿಯಿತು. ಸಿಡಿಯಲು ಇನ್ನೂ ಲಕ್ಷ ವರ್ಷ ಹಿಡಿಯಬಹುದು. ಇಂಥದೊಂದು ಸ್ಫೋಟ 1054ರಲ್ಲಿ ವೃಷಭರಾಶಿಯಲ್ಲಿ ಕಂಡಿತ್ತು. ಕಲ್ಯಾಣದಲ್ಲಿ ಚಾಲುಕ್ಯ ಸೋಮೇಶ್ವರನು ಆಳುತ್ತಿದ್ದ ಕಾಲವದು. ಹಗಲಿನಲ್ಲಿಯೂ 23 ದಿನ ಕಂಡಿತೆಂದು ಚೀನದವರು ಬರೆದಿಟ್ಟಿದ್ದಾರೆ. ಅದರ ಅಸ್ಥಿಯು ಇಂದಿಗೂ ಸೆಕೆಂಡಿಗೆ ಸುಮಾರು ಮೂವತ್ತು ಸುತ್ತು ತಿರುಗುತ್ತಿದೆ.

"ತಾಯಿ, ಮಗಳು ಹುಟ್ಟಿದಾಗ ಚಂದ್ರನು ಆ ದಿಕ್ಕಿನಲ್ಲಿದ್ದ, ಅಷ್ಟೇ ನಂಟು. ಚಂದ್ರನಿರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ಈ ಚುಕ್ಕೆಯ ಬೆಳಕು ನಮ್ಮನ್ನು ಮುಟ್ಟಲು ಐನೂರು ವರ್ಷಕ್ಕೂ ಹೆಚ್ಚು ಬೇಕು. ಕೇಡಿನ ಮಾತು ಬಿಡಿರಿ. ಹುಡುಗಿಯ ನೆತ್ತರಿನ ಕಬ್ಬಿಣ ಹಿಂದೆಂದೋ ಸತ್ತ ನಕ್ಷತ್ರಗಳು ಕೊಟ್ಟದ್ದು" ಎಂದೆವು.

ಬೀದಿದೀಪಗಳ ಬೆಳಕಿನಲ್ಲಿ ಆ ಮೋಡ ಮಾತ್ರ ಕಾಣಲಿಲ್ಲ. ಖಾನಾಪುರದ ಕಾಡಂಚಿನ ಕತ್ತಲೆಯಲ್ಲಿ ಬರಿಗಣ್ಣಿಗೇ ಮಸುಕಾಗಿ ಕಾಣುವುದೆಂದೆವು. ಹುಡುಗಿ ತಾಯಿಯ ಸೆರಗು ಜಗ್ಗಿ, ಅಜ್ಜಿಯ ಊರಿಗೆ ಯಾವಾಗ ಹೋಗುವುದೆಂದು ಕೇಳತೊಡಗಿದಳು.