ಠಾಣೆ–ಕಲ್ಯಾಣ ಪ್ರದೇಶದ ಸಂಸದರ ಸದನಕಾರ್ಯ: ದಾಖಲೆಗಳನ್ನು ಓದುವ ಬಗೆ

ಹೊರನಾಡ ಕನ್ನಡಿಗರನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ವಲಸೆ, ಸಂಘಸಂಸ್ಥೆ, ಶಾಲೆ, ರಂಗಭೂಮಿ ಹಾಗೂ ಪತ್ರಿಕೆಗಳ ಸುತ್ತಲೇ ಬೆಳೆದಿವೆ. ಈ ಕನ್ನಡಿಗರು ತಾವು ನೆಲೆಸಿದ ನಾಡಿನ ಮತದಾರರೂ ಹೌದು ಎಂಬ ಸಂಗತಿಗೆ ಅಷ್ಟಾಗಿ ಗಮನ ಸಂದಿಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳಲ್ಲಿ ಬಾಳುವೆ ಕಟ್ಟಿಕೊಂಡವರು ತಮ್ಮ ಹೆಸರಿನಲ್ಲಿ ದೆಹಲಿಯ ಸದನದಲ್ಲಿ ಏನು ನಡೆಯಿತೆಂಬುದನ್ನು ತಿಳಿಯಬಯಸಿದರೆ ಯಾವ ದಾಖಲೆಗಳನ್ನು ನೋಡಬೇಕು, ಅವು ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ನಾವು ಯತ್ನಿಸಿದ್ದೇವೆ. ಯಾವುದೇ ಪಕ್ಷದ ಅಥವಾ ವ್ಯಕ್ತಿಯ ಗುಣದೋಷ ವಿವೇಚನೆ ಇಲ್ಲಿಯ ಉದ್ದೇಶವಲ್ಲ.

೧. ಮೊದಲು ಕ್ಷೇತ್ರನಿರ್ಣಯ

ಇಲ್ಲಿ ಕಲ್ಯಾಣವೆಂದರೆ ಶರಣರ ಕಲ್ಯಾಣವಲ್ಲ, ಮುಂಬಯಿಯ ಈಶಾನ್ಯಕ್ಕಿರುವ ರೈಲು ಜಂಕ್ಷನ್ನಿನ ಪಟ್ಟಣ. ೨೦೦೮ರ ಕ್ಷೇತ್ರ ಪುನರ್ವಿಂಗಡಣೆಯವರೆಗೆ ಈ ಪ್ರದೇಶದ ಬಹುಭಾಗವು ಠಾಣೆ ಎಂಬ ಒಂದೇ ಲೋಕಸಭಾ ಕ್ಷೇತ್ರದಲ್ಲಿತ್ತು. ೨೦೦೯ರ ಚುನಾವಣೆಯಿಂದ ಕಲ್ಯಾಣ ಕ್ಷೇತ್ರವು ಬೇರೆಯಾಯಿತು. ಈಗ ಡೊಂಬಿವಲಿ, ಕಲ್ಯಾಣ ಪೂರ್ವ, ಕಲ್ಯಾಣ ಗ್ರಾಮಾಂತರ, ಉಲ್ಲಾಸನಗರ, ಅಂಬರನಾಥ ಮತ್ತು ಮುಂಬ್ರಾ–ಕಳವಾ ವಿಧಾನಸಭಾ ಕ್ಷೇತ್ರಗಳು ಕಲ್ಯಾಣ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಕಲ್ಯಾಣ ಪಶ್ಚಿಮವು ಮಾತ್ರ ಭಿವಂಡಿ ಕ್ಷೇತ್ರದಲ್ಲಿದೆ. ನವಿ ಮುಂಬಯಿಯ ಐರೋಲಿ ಮತ್ತು ಬೇಲಾಪುರಗಳು ಠಾಣೆಗೆ ಸೇರಿದರೆ, ಖಾರ್ಘರ್ ಒಳಗೊಂಡ ಪನವೇಲ್ ಭಾಗವು ಪಿಂಪರಿ–ಚಿಂಚವಾಡದವರೆಗೆ ಚಾಚಿಕೊಂಡ ಮಾವಳ ಕ್ಷೇತ್ರದಲ್ಲಿದೆ. ಹೀಗಾಗಿ ಒಂದೇ ರೈಲು ನಿಲ್ದಾಣದ ಪೂರ್ವ ಪಶ್ಚಿಮಗಳಲ್ಲಿ ವಾಸಿಸುವ ಇಬ್ಬರಿಗೆ ಬೇರೆ ಬೇರೆ ಸಂಸದರಿರುವುದು ಸಾಧ್ಯ.

ಅಧಿಕಾರದ ವ್ಯಾಪ್ತಿಯನ್ನೂ ಇದರೊಂದಿಗೆ ಗುರುತಿಸಿಕೊಳ್ಳಬೇಕು. ಒಳರಸ್ತೆ, ಚರಂಡಿ, ನೀರು ಮೊದಲಾದವು ಠಾಣೆ, ಕಲ್ಯಾಣ–ಡೊಂಬಿವಲಿ ಮತ್ತು ನವಿ ಮುಂಬಯಿ ಮಹಾನಗರಪಾಲಿಕೆಗಳ ಹೊಣೆ. ಕನ್ನಡ ಮಾಧ್ಯಮ ಶಾಲೆಗಳ ಪ್ರಶ್ನೆಯು ಮುಖ್ಯವಾಗಿ ರಾಜ್ಯ ಸರ್ಕಾರ ಹಾಗೂ ಸ್ಥಳೀಯ ಸಂಸ್ಥೆಗಳದು. ಆದರೆ ಉಪನಗರ ರೈಲು, ರಾಷ್ಟ್ರೀಯ ಹೆದ್ದಾರಿ, ತುಳುವನ್ನು ಎಂಟನೆಯ ಅನುಸೂಚಿಗೆ ಸೇರಿಸುವ ಬೇಡಿಕೆ ಇವು ಕೇಂದ್ರದ ವಿಷಯಗಳು. ರಸ್ತೆಯ ಹೊಂಡಕ್ಕಾಗಿ ಸಂಸದರನ್ನು ಅಳೆಯುವುದೂ ರೈಲಿನ ನೂಕುನುಗ್ಗಲಿಗಾಗಿ ಅವರನ್ನು ಕೇಳದೆ ಬಿಡುವುದೂ ಸಮಾನವಾದ ತಪ್ಪುಗಳು.

೨. ಮತದ ದಾಖಲೆ: ಅದರ ಮೌನಗಳು

ಅಮೆರಿಕದ ಕಾಂಗ್ರೆಸ್ಸಿನ ಸದಸ್ಯರ ಮತಪಟ್ಟಿಗಳನ್ನು ನೋಡಿದವರು ನಮ್ಮಲ್ಲಿಯೂ ಅಂಥದನ್ನೇ ಅರಸುವುದು ಸಹಜ. ಆದರೆ ಲೋಕಸಭೆಯ ಬಹುಪಾಲು ನಿರ್ಣಯಗಳು ಧ್ವನಿಮತದಿಂದ ಆಗುತ್ತವೆ. 'ಹೌದು' ಎಂದವರ ದನಿ ಹೆಚ್ಚೋ 'ಇಲ್ಲ' ಎಂದವರ ದನಿ ಹೆಚ್ಚೋ ಎಂಬುದನ್ನು ಸಭಾಧ್ಯಕ್ಷರು ಘೋಷಿಸುತ್ತಾರೆ. ಆ ಘೋಷಣೆಯನ್ನು ಸದಸ್ಯರು ಪ್ರಶ್ನಿಸಿ ಮತವಿಭಜನೆ ನಡೆದಾಗ ಮಾತ್ರ ಯಾರು ಯಾವ ಕಡೆ ಎಂಬುದು ಹೆಸರುಸಹಿತ ನಡಾವಳಿಯಲ್ಲಿ ಮುದ್ರಿತವಾಗುತ್ತದೆ. ಸಂವಿಧಾನ ತಿದ್ದುಪಡಿ ಮಸೂದೆಗಳಿಗೆ ವಿಶೇಷ ಬಹುಮತ ಬೇಕಾದುದರಿಂದ ಅಲ್ಲಿ ಮತವಿಭಜನೆ ಕಡ್ಡಾಯ. ಮಹಿಳಾ ಮೀಸಲಾತಿಯ ಮಸೂದೆಯು ೨೦೨೩ರ ಸೆಪ್ಟೆಂಬರ್ ೨೦ರಂದು ೪೫೪ಕ್ಕೆ ೨ ಮತಗಳಿಂದ ಅಂಗೀಕೃತವಾಯಿತೆಂದು ನಾವು ಖಚಿತವಾಗಿ ಹೇಳಬಲ್ಲುದು ಈ ಕಾರಣದಿಂದಲೇ.

ಹೆಸರು ದಾಖಲಾದಲ್ಲಿಯೂ ಅದನ್ನು ಸದಸ್ಯನ ಸ್ವಂತ ಅಭಿಪ್ರಾಯವೆಂದು ಓದಲಾಗದು. ೧೯೮೫ರ ೫೨ನೆಯ ತಿದ್ದುಪಡಿಯಿಂದ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದ ಅಥವಾ ಮತದಿಂದ ದೂರವುಳಿದ ಸದಸ್ಯನು, ಪಕ್ಷವು ೧೫ ದಿನಗಳೊಳಗೆ ಮನ್ನಿಸದಿದ್ದಲ್ಲಿ, ಅನರ್ಹತೆಗೆ ಗುರಿಯಾಗುತ್ತಾನೆ. ೧೯೯೨ರ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಅನುಸೂಚಿಯನ್ನು ಎತ್ತಿಹಿಡಿಯಿತು. ಆದರೆ ಇಂಥ ನಿರ್ದೇಶನವು ಸರ್ಕಾರದ ಅಳಿವು ಉಳಿವಿನ ಹಾಗೂ ಪಕ್ಷದ ಮೂಲನೀತಿಯ ವಿಷಯಗಳಿಗೆ ಸೀಮಿತವಾಗಿರಬೇಕೆಂಬ ಆಶಯವನ್ನೂ ಅದು ವ್ಯಕ್ತಪಡಿಸಿತು. ಆಚರಣೆಯಲ್ಲಿ ಪಕ್ಷಗಳು ವಿಪ್ ಹೊರಡಿಸುವುದು ಅಷ್ಟಕ್ಕೇ ನಿಂತಿಲ್ಲ.

ಪ್ರಸ್ತುತ ಪ್ರದೇಶದ ಎರಡು ಸಂದರ್ಭಗಳು ಈ ಮಾತನ್ನು ಸ್ಪಷ್ಟಪಡಿಸುತ್ತವೆ. ೨೦೧೪ ಮತ್ತು ೨೦೧೯ರಲ್ಲಿ ಠಾಣೆಯಿಂದ ರಾಜನ್ ವಿಚಾರೆ, ಕಲ್ಯಾಣದಿಂದ ಶ್ರೀಕಾಂತ ಶಿಂಧೆ ಇಬ್ಬರೂ ಶಿವಸೇನೆಯ ಅಭ್ಯರ್ಥಿಗಳಾಗಿ ಆಯ್ಕೆಯಾದರು. ೨೦೧೮ರ ಜುಲೈ ೨೦ರ ಅವಿಶ್ವಾಸ ನಿರ್ಣಯವು ೧೨೬ರ ವಿರುದ್ಧ ೩೨೫ ಮತಗಳಿಂದ ಬಿದ್ದಾಗ ಶಿವಸೇನೆಯು ಮತದಾನದಲ್ಲಿ ಭಾಗವಹಿಸಲಿಲ್ಲ. ಸರ್ಕಾರದ ಜೊತೆಗಿದ್ದ ಪಕ್ಷವೊಂದು ಹೀಗೆ ದೂರವುಳಿದುದೇ ಆ ದಿನದ ರಾಜಕೀಯವಾಗಿ ಮಹತ್ವದ ಸಂಗತಿ. ಆದರೆ ಬರಿಯ ಮತಪಟ್ಟಿಯನ್ನು ನೋಡಿದವನಿಗೆ ಅಲ್ಲಿ ಕಾಣುವುದು ಹೆಸರಿನ ಅಭಾವವಷ್ಟೆ. ಅನಾರೋಗ್ಯದಿಂದ ಬಾರದವನಿಗೂ ತೀರ್ಮಾನಪೂರ್ವಕವಾಗಿ ಬಾರದವನಿಗೂ ಪಟ್ಟಿಯಲ್ಲಿ ಭೇದವಿಲ್ಲ. ಸದನದಲ್ಲಿದ್ದುಕೊಂಡು ತಟಸ್ಥರಾಗುವುದು ಬೇರೆ, ಅದು ದಾಖಲಾಗುತ್ತದೆ. ೧೯೯೩ರ ಮೇ ೧೧ರಂದು ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ಪದಚ್ಯುತಿಯ ನಿರ್ಣಯದ ಪರವಾಗಿ ೧೯೬ ಮತಗಳು ಬಂದು, ೨೦೫ ಸದಸ್ಯರು ತಟಸ್ಥರಾಗಿ ಉಳಿದುದರಿಂದಲೇ ಅದು ಸೋತಿತು.

ಎರಡನೆಯದು ೨೦೨೩ರ ಆಗಸ್ಟ್ ೧೦ರ ಅವಿಶ್ವಾಸ ನಿರ್ಣಯ. ೨೦೨೨ರಲ್ಲಿ ಶಿವಸೇನೆ ಒಡೆದ ಮೇಲೆ ಒಂದೇ ಚಿಹ್ನೆಯ ಮೇಲೆ ಗೆದ್ದಿದ್ದ ಈ ಇಬ್ಬರು ನೆರೆಕ್ಷೇತ್ರಗಳ ಸದಸ್ಯರು ಎದುರುಬದಿರು ಬಣಗಳಲ್ಲಿದ್ದರು. ಚರ್ಚೆಯಲ್ಲಿ ಶಿಂಧೆಯವರು ನಿರ್ಣಯವನ್ನು ವಿರೋಧಿಸಿ ಮಾತನಾಡಿದರು. ಆದರೆ ನಿರ್ಣಯವು ಧ್ವನಿಮತದಿಂದ ಬಿದ್ದುಹೋಯಿತು. ಠಾಣೆ, ಕಲ್ಯಾಣಗಳ ಮತದಾರರ ಪಾಲಿಗೆ ಬಹುಶಃ ಆ ಅವಧಿಯಲ್ಲಿಯೇ ಅತ್ಯಂತ ಪ್ರಸ್ತುತವಾಗಿದ್ದ ಭಿನ್ನತೆ ಮತಪಟ್ಟಿಯ ರೂಪದಲ್ಲಿ ಉಳಿಯಲೇ ಇಲ್ಲ. ಅದನ್ನು ಭಾಷಣಗಳ ಪಾಠದಿಂದಲೇ ಗ್ರಹಿಸಬೇಕಾಗಿದೆ.

೩. ಪ್ರಶ್ನೆ, ಹಾಜರಿ, ಭಾಷಣ

ಮತದ ದಾಖಲೆ ಇಷ್ಟು ವಿರಳವಾದುದರಿಂದ ಸಂಶೋಧಕರು ಇತರ ಚಟುವಟಿಕೆಗಳತ್ತ ತಿರುಗುತ್ತಾರೆ. ೨೦೦೫ರಲ್ಲಿ ಆರಂಭವಾದ ಪಿ.ಆರ್.ಎಸ್. ಸಂಸ್ಥೆಯು ಪ್ರತಿಯೊಬ್ಬ ಸದಸ್ಯನ ಹಾಜರಿ, ಪ್ರಶ್ನೆ, ಚರ್ಚೆ ಮತ್ತು ಖಾಸಗಿ ಮಸೂದೆಗಳ ಎಣಿಕೆಯನ್ನು ಒದಗಿಸುತ್ತದೆ. ಎಣಿಕೆಗಳು ಉಪಯುಕ್ತ, ಆದರೆ ಅವುಗಳ ಸ್ವರೂಪವನ್ನು ಅರಿಯದೆ ಹೋಲಿಸುವುದು ಅಪಾಯಕರ. ಮಂತ್ರಿಗಳು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆಗಳನ್ನೂ ಕೇಳುವುದಿಲ್ಲ. ಅವರ ಶೂನ್ಯವು ಆಲಸ್ಯದ ಶೂನ್ಯವಲ್ಲ. ಹಾಜರಿಯು ಆ ದಿನದ ಉಪಸ್ಥಿತಿಯನ್ನು ಸೂಚಿಸುತ್ತದೆಯೇ ಹೊರತು ಎಷ್ಟು ಹೊತ್ತು ಕುಳಿತಿದ್ದರೆಂಬುದನ್ನಲ್ಲ. ೨೦೨೦ರ ಸೆಪ್ಟೆಂಬರಿನ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯೇ ಇರಲಿಲ್ಲ. ಸ್ಥಾಯಿ ಸಮಿತಿಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿರುವುದಿಲ್ಲವಾದ್ದರಿಂದ ಅಲ್ಲಿಯ ದುಡಿಮೆಯ ಬಹುಭಾಗ ಎಣಿಕೆಗೆ ಸಿಗದು.

ಪ್ರಶ್ನೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ದಿನವೊಂದಕ್ಕೆ ಮೌಖಿಕ ಉತ್ತರಕ್ಕಾಗಿ ೨೦ ಚುಕ್ಕೆ ಗುರುತಿನ ಪ್ರಶ್ನೆಗಳೂ ಲಿಖಿತ ಉತ್ತರಕ್ಕಾಗಿ ೨೩೦ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳೂ ಪಟ್ಟಿಯಾಗುತ್ತವೆ. ಯಾರ ಪ್ರಶ್ನೆ ಪಟ್ಟಿಗೆ ಬರಬೇಕೆಂಬುದು ಚೀಟಿಯೆತ್ತುವಿಕೆಯನ್ನೂ ಅವಲಂಬಿಸಿದೆ. ಒಂದೇ ಬಗೆಯ ಪ್ರಶ್ನೆ ಕೇಳಿದ ಹಲವರ ಹೆಸರುಗಳನ್ನು ಒಟ್ಟುಗೂಡಿಸುವ ರೂಢಿಯಿರುವುದರಿಂದ ಒಂದು ಉತ್ತರವು ಅನೇಕರ ಲೆಕ್ಕಕ್ಕೆ ಸೇರುತ್ತದೆ. ಪ್ರಶ್ನೆ ಕೇಳಲು ಹಣ ಪಡೆದ ಆರೋಪದ ಮೇಲೆ ೨೦೦೫ರ ಡಿಸೆಂಬರ್ ೨೩ರಂದು ಲೋಕಸಭೆಯ ೧೦ ಸದಸ್ಯರು ಉಚ್ಚಾಟಿತರಾದ ಘಟನೆಯು ಪ್ರಶ್ನೆಯ ಸಂಖ್ಯೆಗಿಂತ ಅದರ ಉದ್ದೇಶ ದೊಡ್ಡದೆಂಬುದನ್ನು ನೆನಪಿಸುತ್ತದೆ.

ಆದುದರಿಂದ ಒಂದು ವಿಷಯವನ್ನು ಹಿಡಿದು ಅದರ ಸರಣಿಯನ್ನು ಬೆಂಬತ್ತುವುದು ಲೇಸೆಂದು ನಮ್ಮ ಅಭಿಪ್ರಾಯ. ಈ ಪ್ರದೇಶಕ್ಕೆ ರೈಲಿಗಿಂತ ತಕ್ಕ ವಿಷಯವಿಲ್ಲ. ಠಾಣೆ–ದಿವಾ ನಡುವಿನ ಐದನೆಯ ಮತ್ತು ಆರನೆಯ ಹಳಿಗಳು ದಶಕಕ್ಕೂ ಮೀರಿ ಎಳೆದಾಡಿ ೨೦೨೨ರ ಫೆಬ್ರವರಿ ೧೮ರಂದು ಉದ್ಘಾಟನೆಗೊಂಡವು. ಆದರೂ ೨೦೨೫ರ ಜೂನ್ ೯ರಂದು ಮುಂಬ್ರಾದ ಬಳಿ ಕಿಕ್ಕಿರಿದ ಲೋಕಲ್ ರೈಲುಗಳಿಂದ ಪ್ರಯಾಣಿಕರು ಬಿದ್ದು, ಕನಿಷ್ಠ ನಾಲ್ವರು ಪ್ರಾಣ ಕಳೆದುಕೊಂಡರು. ಇಂಥಲ್ಲಿ ಕೇಳಬೇಕಾದುದು 'ಎಷ್ಟು ಪ್ರಶ್ನೆ' ಎಂದಲ್ಲ. ಸದಸ್ಯನು ಯಾವಾಗ ಕೇಳಿದನು, ಮಂತ್ರಿ ಏನೆಂದು ಉತ್ತರಿಸಿದರು, 'ಪರಿಶೀಲಿಸಲಾಗುವುದು' ಎಂಬ ಉತ್ತರ ಬಂದ ಮೇಲೆ ಅದೇ ಸದಸ್ಯನು ಮತ್ತೆ ಕೇಳಿದನೆ ಎಂಬುದನ್ನು ನೋಡಬೇಕು. ಸರ್ಕಾರದ ಭರವಸೆಗಳ ಸಮಿತಿಯು ೧೯೫೩ರಿಂದಲೂ ಇದೆ. ಮಂತ್ರಿಯ ಭರವಸೆಯು ಮೂರು ತಿಂಗಳೊಳಗೆ ಈಡೇರಬೇಕೆಂಬುದು ನಿಯತವಾದ ಅವಧಿ. ಪ್ರಶ್ನೆ, ಉತ್ತರ, ಭರವಸೆ, ಅನುಷ್ಠಾನ ಈ ನಾಲ್ಕನ್ನೂ ಒಂದೇ ಸಾಲಿನಲ್ಲಿಟ್ಟು ಓದಿದಾಗ ಸದಸ್ಯನ ಛಲವೂ ಸರ್ಕಾರದ ಜಾರಿಕೆಯೂ ಒಟ್ಟಿಗೆ ಗೋಚರಿಸುತ್ತವೆ.

ಭಾಷೆಯ ಬಗೆಗೆ ಒಂದು ಸೂಚನೆ. ೧೯೬೭ರಲ್ಲಿ ಶಿವಮೊಗ್ಗದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದುದನ್ನು ನಮ್ಮ ಓದುಗರು ಬಲ್ಲರು. ಪ್ರಾದೇಶಿಕ ಭಾಷೆಯ ಮಾತುಗಳು ನಡಾವಳಿಯಲ್ಲಿ ಸಾಮಾನ್ಯವಾಗಿ ಅನುವಾದವಾಗಿಯೇ ಸಿಗುತ್ತವೆ. ಮರಾಠಿ ಭಾಷಣವೊಂದರ ಇಂಗ್ಲಿಷ್ ಪಾಠವನ್ನು ಉಲ್ಲೇಖಿಸುವವರು ಅದು ಅನುವಾದವೆಂಬುದನ್ನು ನಮೂದಿಸುವುದು ಉಚಿತ.

೪. ತಾನೇ ಲೆಕ್ಕ ಒಪ್ಪಿಸಿದ ಸದಸ್ಯ

ಈ ಪ್ರದೇಶದ ಸಂಸದೀಯ ಇತಿಹಾಸದಲ್ಲಿ ಇನ್ನೊಂದು ಬಗೆಯ ದಾಖಲೆಯೂ ಇದೆ. ೧೯೭೭ ಮತ್ತು ೧೯೮೦ರಲ್ಲಿ ಠಾಣೆಯಿಂದ ಆಯ್ಕೆಯಾಗಿ ೧೯೮೨ರಲ್ಲಿ ನಿಧನರಾದ ರಾಮಭಾವು ಮ್ಹಾಳಗಿಯವರು ತಮ್ಮ ಕಾರ್ಯದ ವಾರ್ಷಿಕ ವರದಿಯನ್ನು ಮತದಾರರ ಮುಂದಿಡುವ ಪದ್ಧತಿಗಾಗಿ ಹೆಸರಾದವರು. ಜನಪ್ರತಿನಿಧಿಗಳ ತರಬೇತಿಗಾಗಿ ಸ್ಥಾಪಿತವಾದ ಪ್ರಬೋಧಿನಿಯೊಂದು ಅವರ ಹೆಸರಿನಲ್ಲಿ ಭಾಯಂದರ್ ಸಮೀಪದ ಉತ್ತನ್‌ನಲ್ಲಿದೆ. ಸದಸ್ಯನೇ ಬರೆದ ವರದಿಯು ಆತ್ಮಸಮರ್ಥನೆಯತ್ತ ವಾಲುವುದು ಸ್ವಾಭಾವಿಕ. ಆದರೆ ಎಣಿಕೆಯು ಹೇಳಲಾರದ ಒಂದು ಸಂಗತಿಯನ್ನು ಅದು ಹೇಳಬಲ್ಲುದು: ತಾನು ಯಾವುದನ್ನು ಮುಖ್ಯವೆಂದು ಭಾವಿಸಿದೆ ಎಂಬುದನ್ನು. ನಡಾವಳಿಯೊಡನೆ ಇಟ್ಟು ಓದಿದಾಗ ಇಂಥ ವರದಿಯು ಉತ್ತಮ ಆಕರವಾಗುತ್ತದೆ. ಇಂದಿನ ಪ್ರಚಾರ ಪುಸ್ತಿಕೆಗಳನ್ನೂ ಇದೇ ಎಚ್ಚರದಿಂದ ಬಳಸಬಹುದು. ಅವುಗಳಲ್ಲಿ ಸಂಸದರ ಸ್ಥಳೀಯ ಕ್ಷೇತ್ರಾಭಿವೃದ್ಧಿ ನಿಧಿಯ ಕಾಮಗಾರಿಗಳನ್ನು ಮಾತ್ರ ಸದನಕಾರ್ಯದಿಂದ ಬೇರ್ಪಡಿಸಿ ನೋಡಬೇಕು. ಆ ಯೋಜನೆ ೧೯೯೩ರ ಡಿಸೆಂಬರಿನಲ್ಲಿ ಆರಂಭವಾದುದು.

೨೦೨೪ರ ಚುನಾವಣೆಯಲ್ಲಿ ಠಾಣೆಯಿಂದ ನರೇಶ್ ಮ್ಹಸ್ಕೆ, ಕಲ್ಯಾಣದಿಂದ ಮೂರನೆಯ ಬಾರಿ ಶ್ರೀಕಾಂತ ಶಿಂಧೆ ಆಯ್ಕೆಯಾದರು. ಅವರ ಸದನಕಾರ್ಯವನ್ನು ಅಭ್ಯಸಿಸುವವರು ಕ್ಷೇತ್ರವನ್ನು ಖಚಿತಪಡಿಸಿಕೊಂಡು, ಮತವಿಭಜನೆಗಳನ್ನು ವಿಪ್‌ನ ಹಿನ್ನೆಲೆಯಲ್ಲಿ ಓದಿ, ಒಂದೆರಡು ವಿಷಯಗಳ ಪ್ರಶ್ನಸರಣಿಯನ್ನು ಕೊನೆಯವರೆಗೆ ಹಿಂಬಾಲಿಸಿದರೆ ಅಂಕಿಗಳ ಶ್ರೇಯಾಂಕಪಟ್ಟಿಗಿಂತ ನಂಬುಗೆಗೆ ಅರ್ಹವಾದ ಚಿತ್ರವು ದೊರೆಯುತ್ತದೆ. ಹೊರನಾಡಿನ ಕನ್ನಡಿಗರು ತಮ್ಮ ಪ್ರತಿನಿಧಿಯ ಮುಂದೆ ಇಡಬಹುದಾದ ಬೇಡಿಕೆಗಳು ಯಾವುವು, ಯಾವುವನ್ನು ಪಾಲಿಕೆ ಅಥವಾ ರಾಜ್ಯದ ಮುಂದೆಯೇ ಇಡಬೇಕು ಎಂಬ ವಿವೇಚನೆಗೂ ಇಂಥ ಅಧ್ಯಯನವು ನೆರವಾಗುವುದೆಂದು ನಾವು ಭಾವಿಸುತ್ತೇವೆ.