ಮುಗ್ಗಲು ವಾಸನೆಗೂ ಒಂದು ಬೆಲೆ

ಒಬ್ಬರು ಮೂಗು ಮುಚ್ಚಿಕೊಳ್ಳುವ ಪದಾರ್ಥವನ್ನು ಇನ್ನೊಬ್ಬರು ಹುಡುಕಿಕೊಂಡು ಹೋಗುವುದುಂಟು. ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ನಾವು ಬೆಳೆಯುವ ಅಡಿಕೆ, ಕಾಫಿಗಳೇ ಸಾಕು.

ಕರಾವಳಿಯ ನೀರಡಿಕೆಯನ್ನು ನೋಡಿ. ಹಣ್ಣಡಿಕೆಯನ್ನು ಸಿಪ್ಪೆ ಸಹಿತ ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿಸಿಡುತ್ತಾರೆ. ಸಿಪ್ಪೆ ಕೊಳೆತು ನೀರು ನಾರುತ್ತದೆ. ಮುಚ್ಚಳ ತೆಗೆದರೆ ಹೊಸಬರು ಹತ್ತಿರ ನಿಲ್ಲಲಾರರು. ಆದರೆ ಒಳಗಿನ ಅಡಿಕೆ ಒಣಗದೆ ಮೆತ್ತಗೆ ಉಳಿಯುತ್ತದೆ. ಅದರ ರುಚಿ ಹತ್ತಿದವರಿಗೆ ಒಣ ಅಡಿಕೆ ಸಪ್ಪೆ. ಅಸ್ಸಾಮಿನಲ್ಲಿಯೂ ಹಣ್ಣಡಿಕೆಯನ್ನು ಗುಂಡಿಯಲ್ಲಿ ಹೂತಿಟ್ಟು, ಅದೇ ಬಗೆಯ ಘಾಟು ಬಂದ ಮೇಲೆ ಪ್ರೀತಿಯಿಂದ ಮೆಲ್ಲುತ್ತಾರೆ.

ಕಾಫಿಯ ಕಥೆ ಇನ್ನೂ ಸ್ವಾರಸ್ಯಕರ. ಹಿಂದೆ ನಮ್ಮ ಕಾಫಿ ಹಾಯಿಹಡಗುಗಳಲ್ಲಿ ತಿಂಗಳುಗಟ್ಟಲೆ ಸಾಗಿ ಯೂರೋಪು ಸೇರುತ್ತಿತ್ತು. ಕಡಲ ತೇವ ಕುಡಿದ ಬೀಜ ಉಬ್ಬಿ, ಬಣ್ಣ ಬಿಳಿಚಿಕೊಂಡು, ಹುಳಿ ಕಳೆದುಕೊಳ್ಳುತ್ತಿತ್ತು. ಅಲ್ಲಿನವರ ನಾಲಿಗೆ ಅದಕ್ಕೇ ಒಗ್ಗಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಬಂದು ಪ್ರಯಾಣ ಮೊಟಕಾಯಿತು. ತಾಜಾ ಕಾಫಿ ತಲುಪಿದಾಗ ಗಿರಾಕಿಗಳು ಹಳೆಯ ರುಚಿಯನ್ನೇ ಕೇಳಿದರು! ಹೀಗಾಗಿ ಮಂಗಳೂರಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗಾಳಿಯಾಡುವ ಗೋದಾಮುಗಳಲ್ಲಿ ಬೀಜ ಹರಡಿ, ಕೈಯಾಡಿಸಿ, ಸಡಿಲವಾಗಿ ಚೀಲ ತುಂಬಿ, ಮಳೆಗಾಳಿಗೆ ಒಡ್ಡುವ ಪದ್ಧತಿ ಬೆಳೆಯಿತು. ಇದೇ ಮಾನ್ಸೂನ್ಡ್ ಮಲಬಾರ್ ಕಾಫಿ. 2007-08ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಕೆಲವರು ಇದನ್ನು ಮಣ್ಣುವಾಸನೆಯೆಂದು ದೂರವಿಡುತ್ತಾರೆ. ಮೆಚ್ಚಿದವರು ಹೆಚ್ಚು ಹಣ ಕೊಟ್ಟು ಕೊಳ್ಳುತ್ತಾರೆ.

ಹಾಗಾದರೆ ನಮ್ಮ ಕಣದಲ್ಲಿ ಮುಗ್ಗಿದ ಚೆರಿಗೆ ಬೆಲೆ ಕಡಿತವೇಕೆ? ಬೇಕೆಂದು ಬರಿಸಿದ ವಾಸನೆ ಬೇರೆ, ಅಜಾಗ್ರತೆಯಿಂದ ಬಂದದ್ದು ಬೇರೆ. ಮಾನ್ಸೂನ್ ಮಾಡಲು ತೆಗೆದುಕೊಳ್ಳುವುದು ಚೆನ್ನಾಗಿ ಒಣಗಿದ, ದರ್ಜೆ ಮಾಡಿದ ಗಟ್ಟಿ ಬೀಜವನ್ನು. ಕೊನೆಯಲ್ಲಿ ಕೆಟ್ಟ ಬೀಜಗಳನ್ನು ಆರಿಸಿ ತೆಗೆಯುತ್ತಾರೆ. ರಾಶಿಯಲ್ಲಿ ಬಿಸಿಯೇರಿ ಬೂಷ್ಟು ಹಿಡಿದ ಚೆರಿಯ ದೋಷವನ್ನು ಯಾವ ಮಳೆಗಾಳಿಯೂ ತೊಳೆಯದು. ಅದರಲ್ಲಿ ವಿಷಕಾರಿ ಅಂಶಗಳು ಹುಟ್ಟುವ ಅಪಾಯವೂ ಇದೆ.

ಆದ್ದರಿಂದ ಬೆಳೆಗಾರ ಬಂಧುಗಳು ಕೊಯ್ದ ಹಣ್ಣನ್ನು ರಾಶಿ ಹಾಕಿಡದೆ, ಸುಮಾರು 8 ಸೆಂಟಿಮೀಟರು ದಪ್ಪಕ್ಕೆ ಮಾತ್ರ ಹರಡಿ, ಆಗಾಗ ಕೈಯಾಡಿಸಿ, ರಾತ್ರಿ ಹೊದಿಸಬೇಕು. ಒಂದು ಹಿಡಿ ಚೆರಿ ಅಲುಗಿಸಿದಾಗ ಗಲಗಲ ಸದ್ದು ಬಂದರೆ ಒಣಗಿದೆಯೆಂದು ತಿಳಿಯಬಹುದು. ಚಾಲಿ ಅಡಿಕೆಗೂ 35ರಿಂದ 40 ದಿನಗಳ ಬಿಸಿಲು ಬೇಕೇ ಬೇಕು. ಅರೆಬರೆ ಒಣಗಿದ್ದನ್ನು ಚೀಲಕ್ಕೆ ತುಂಬಿದರೆ ಬರುವ ವಾಸನೆಗೆ ಗಿರಾಕಿಗಳಿಲ್ಲ.