ಗುಂಡು ಕೂರಿಸುವ ಅಚ್ಚು, ಬಾಯಿ ಬಿಗಿಯುವ ಅಚ್ಚು

ಕಾಡತೂಸನ್ನು ಹಾರಿಸಿದ ಮೇಲೆ ಗುಂಡು ಹೋಗುತ್ತದೆ, ಮದ್ದು ಉರಿದುಹೋಗುತ್ತದೆ. ಹಿತ್ತಾಳೆಯ ಕೊಳವೆ ಮಾತ್ರ ಉಳಿಯುತ್ತದೆ. ಅಮೆರಿಕದಲ್ಲಿ ಗುರಿಯಾಟದ ಹವ್ಯಾಸವುಳ್ಳ ಅನೇಕರು ಈ ಕೊಳವೆಯನ್ನು ಎಸೆಯುವುದಿಲ್ಲ. ಮೇಜಿಗೆ ಬಿಗಿದ ಚಿಕ್ಕದೊಂದು ಒತ್ತುಯಂತ್ರದಲ್ಲಿ ಅದನ್ನು ಮತ್ತೆ ತುಂಬಿ ಬಳಸುತ್ತಾರೆ. ನಮ್ಮ ದೇಶದಲ್ಲಿ ೧೯೫೯ರ ಆಯುಧ ಕಾನೂನಿನಂತೆ ಲೈಸೆನ್ಸಿಲ್ಲದೆ ಕಾಡತೂಸು ತಯಾರಿಸುವುದು ಅಪರಾಧ. ಆದುದರಿಂದ ಇದು ಇಲ್ಲಿ ಮಾಡಿನೋಡುವ ಕೆಲಸವಲ್ಲ. ಆದರೂ ಇದರ ಹಿಂದಿನ ತರ್ಕ ತಿಳಿಯತಕ್ಕದ್ದು. ಅಲ್ಲಿ ನೆಲೆಸಿರುವ ನಿಮ್ಮವರಾರಾದರೂ ಈ ಹವ್ಯಾಸ ಹಿಡಿದಿದ್ದರೆ, ಅವರ ಕಣ್ಣು ಕೈಗಳ ಕ್ಷೇಮವೂ ಈ ತರ್ಕದಲ್ಲಿಯೇ ಇದೆ.

ತುಂಬುವ ಕೆಲಸದ ಕೊನೆಯ ಹಂತಗಳು ಎರಡು. ಮೊದಲನೆಯದು, ಗುಂಡನ್ನು ಕೊಳವೆಯ ಬಾಯಿಯೊಳಕ್ಕೆ ಗೊತ್ತಾದ ಆಳಕ್ಕೆ ಇಳಿಸುವುದು. ಎರಡನೆಯದು, ಬಾಯಂಚನ್ನು ಗುಂಡಿನ ಮೇಲೆ ಬಿಗಿಯುವುದು. ಇವೆರಡನ್ನೂ ಮಾಡುವ ಉಕ್ಕಿನ ಅಚ್ಚಿಗೆ ‘ಡೈ’ ಎಂದು ಹೆಸರು.

ಬಿಗಿಯುವುದೆಂದಮೇಲೆ ಎಷ್ಟು ಬಿಗಿದರೆ ಅಷ್ಟು ಒಳ್ಳೆಯದಲ್ಲವೆ, ಎಂದು ನೀವು ಕೇಳಬಹುದು. ಅಲ್ಲ. ಕರ್ಜೀಕಾಯಿಯ ಅಂಚು ಒತ್ತುವವರಿಗೆ ಇದು ಗೊತ್ತು: ಸಡಿಲವಾದರೆ ಹೂರಣ ಎಣ್ಣೆಗೆ ಬೀಳುತ್ತದೆ, ಅತಿಯಾದರೆ ಕಣಕವೇ ಹರಿಯುತ್ತದೆ. ಕಾಡತೂಸಿನಲ್ಲಿ ಇನ್ನೊಂದು ವಿಚಿತ್ರವೂ ಉಂಟು. ಹಿತ್ತಾಳೆಗೆ ಸ್ಪ್ರಿಂಗಿನ ಗುಣವಿದೆ, ಸೀಸಕ್ಕೆ ಇಲ್ಲ. ಅತಿಯಾಗಿ ಒತ್ತಿದಾಗ ಸೀಸ ಕುಗ್ಗಿ ಹಾಗೆಯೇ ಉಳಿಯುತ್ತದೆ, ಹಿತ್ತಾಳೆ ಮಾತ್ರ ತುಸು ಹಿಂದಕ್ಕೆ ಸರಿಯುತ್ತದೆ. ಹೀಗೆ ಬಿಗಿಯಲು ಹೋಗಿ ಗುಂಡು ಸಡಿಲವಾಗುತ್ತದೆ!

ಸಡಿಲವಾದರೆ ಏನು ಅಪಾಯ? ಪಿಸ್ತೂಲಿನೊಳಕ್ಕೆ ನುಗ್ಗುವಾಗ ಮೂತಿ ತಗಲಿ ಗುಂಡು ಕೊಳವೆಯೊಳಕ್ಕೆ ಇನ್ನಷ್ಟು ಇಳಿಯಬಹುದು. ಆಗ ಮದ್ದಿಗೆ ಉಳಿದ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ೯ ಮಿ.ಮೀ. ಲೂಗರಿನಂಥ ಪುಟ್ಟ ಕೊಳವೆಯಲ್ಲಿ ಈ ಏರಿಕೆ ಬಲು ತೀಕ್ಷ್ಣ, ಕೋವಿಯೇ ಒಡೆಯಬಹುದು.

ಯಾವ ಬಗೆಯ ಬಿಗಿತ ಬೇಕೆಂಬುದನ್ನು ಕಾಡತೂಸು ಕೋವಿಯ ಗೂಡಿನಲ್ಲಿ ಎಲ್ಲಿ ತಡೆದು ನಿಲ್ಲುತ್ತದೆಂಬುದು ನಿರ್ಧರಿಸುತ್ತದೆ. ರಿವಾಲ್ವರಿನ ಕಾಡತೂಸುಗಳಿಗೆ, ಅಂದರೆ ೧೯೩೫ರಲ್ಲಿ ಬಂದ .೩೫೭ ಮ್ಯಾಗ್ನಮ್, ೧೯೫೫ರ .೪೪ ಮ್ಯಾಗ್ನಮ್ ಮೊದಲಾದವಕ್ಕೆ, ಬುಡದಲ್ಲಿ ಹೊರಚಾಚಿದ ಅಂಚುಂಟು. ಅವು ಆ ಅಂಚಿನ ಮೇಲೆ ನಿಲ್ಲುತ್ತವೆ. ಆದ್ದರಿಂದ ಬಾಯಿಯನ್ನು ಗುಂಡಿನ ಮೈಯಲ್ಲಿರುವ ಗಾಡಿಯೊಳಕ್ಕೆ ಮಡಿಸಬಹುದು. ಇದು ‘ರೋಲ್ ಕ್ರಿಂಪ್’. ಇಲ್ಲಿ ಇದು ಅಗತ್ಯವೂ ಹೌದು: ಒಂದು ಸಲ ಹಾರಿಸಿದ ಹಿಮ್ಮೆಟ್ಟಿಗೆ ಉಳಿದ ಕಾಡತೂಸುಗಳ ಗುಂಡು ಮುಂದಕ್ಕೆ ಜಾರಿ, ತಿರುಗುವ ಉರುಳೆಯನ್ನೇ ತಡೆದು ನಿಲ್ಲಿಸಬಹುದು.

೯ ಮಿ.ಮೀ. ಲೂಗರ್, .೪೫ ಎ.ಸಿ.ಪಿ. ಮುಂತಾದ ಪಿಸ್ತೂಲಿನ ಕಾಡತೂಸುಗಳು ಬಾಯಂಚಿನ ಮೇಲೆಯೇ ನಿಲ್ಲುತ್ತವೆ. ಆ ಅಂಚನ್ನು ಒಳಕ್ಕೆ ಮಡಿಸಿಬಿಟ್ಟರೆ ನಿಲ್ಲಲು ಆಧಾರವಿಲ್ಲದೆ ಕಾಡತೂಸು ಅಗತ್ಯಕ್ಕಿಂತ ಒಳಸರಿಯುತ್ತದೆ. ಇವಕ್ಕೆ ಬೇಕಾದದ್ದು ಓರೆಯಾಗಿ ಮೆಲ್ಲಗೆ ಒತ್ತುವ ‘ಟೇಪರ್ ಕ್ರಿಂಪ್’. ಗುಂಡನ್ನು ಕೂರಿಸಲೆಂದು ಮೊದಲು ಅಗಲಿಸಿದ್ದ ಬಾಯನ್ನು ನೆಟ್ಟಗೆ ಮಾಡಿದರೆ ಸಾಕು. ಗುಂಡನ್ನು ಹಿಡಿದಿಡುವುದು ಕೊಳವೆಯ ಗೋಡೆಯ ಬಿಗಿ. .೪೫ರ ಬಾಯ ಹೊರ ಅಗಲ ೦.೪೭೩ ಅಂಗುಲವನ್ನೂ, ೯ ಮಿ.ಮೀ.ನದು ೦.೩೮೦ ಅಂಗುಲವನ್ನೂ ಮೀರಕೂಡದು.

ಇನ್ನು ಕೊಳ್ಳುವ ಮಾತು. ಕೂರಿಸುವುದು, ಬಿಗಿಯುವುದು ಎರಡನ್ನೂ ಒಂದೇ ಡೈ ಮಾಡಿದರೆ ಹಣ ಉಳಿಯುತ್ತದೆ. ಆದರೆ ಗುಂಡು ಇನ್ನೂ ಇಳಿಯುತ್ತಿರುವಾಗಲೇ ಬಾಯಿ ಕಚ್ಚತೊಡಗುತ್ತದೆ. ಸೀಸ ಕೆರೆದುಹೋಗಬಹುದು, ಕೊಳವೆ ಉಬ್ಬಬಹುದು. ಬಹಳ ಕಾಡತೂಸು ತುಂಬುವವರಿಗೆ ಎರಡು ಬೇರೆ ಬೇರೆ ಡೈ ಇರುವುದೇ ನೆಮ್ಮದಿ. ಒಂದೇ ಇದ್ದರೆ ಮೊದಲು ಡೈಯನ್ನು ಮೇಲಕ್ಕೆತ್ತಿ ಎಲ್ಲ ಗುಂಡುಗಳನ್ನೂ ಕೂರಿಸಿ, ಬಳಿಕ ಒಳಗಿನ ಕಡ್ಡಿಯನ್ನು ಹಿಂದಕ್ಕೆ ತಿರುಗಿಸಿ ಬಿಗಿಯುವ ಕೆಲಸವನ್ನು ಬೇರೆಯಾಗಿ ಮಾಡಬೇಕು. ಆ ಕಡ್ಡಿಯ ತುದಿ ಗುಂಡಿನ ಮೂತಿಗೆ ಹೊಂದಬೇಕು: ದುಂಡು ಮೂತಿಗೆ ಗುಳಿ, ಚಪ್ಪಟೆ ಮೂತಿಗೆ ಚಪ್ಪಟೆ. ಹೆಚ್ಚಿನ ಡೈಗಳ ಮರೆ ೭/೮ ಅಂಗುಲ, ಅಂಗುಲಕ್ಕೆ ೧೪ ಸುತ್ತು. ಒಬ್ಬರ ಡೈ ಇನ್ನೊಬ್ಬರ ಯಂತ್ರಕ್ಕೆ ಹೊಂದುತ್ತದೆ. ಲೀ ಕಂಪೆನಿಯ ‘ಫ್ಯಾಕ್ಟರಿ ಕ್ರಿಂಪ್’ ಎಂಬ ಡೈ, ತುಂಬಿದ ಕಾಡತೂಸನ್ನು ಮತ್ತೊಮ್ಮೆ ಅಳತೆಗೆ ತರುವ ಬಳೆಯನ್ನು ಹೊಂದಿದೆ. ಗೂಡಿಗೆ ಸೇರಲು ಅದು ಅನುಕೂಲ. ಆದರೆ ದಪ್ಪ ಸೀಸದ ಗುಂಡನ್ನು ಅದು ಒಳಗೇ ಕುಗ್ಗಿಸಿಬಿಡಬಹುದು.

ಯಾವ ಡೈ ಕೊಂಡರೂ ಪರೀಕ್ಷೆ ಬಿಡತಕ್ಕದ್ದಲ್ಲ. ಮದ್ದೂ ಕೇಪೂ ಇಲ್ಲದ ಖಾಲಿ ಕಾಡತೂಸಿನಲ್ಲಿಯೇ ಅಚ್ಚನ್ನು ಹೊಂದಿಸಬೇಕು. ಅದರ ಉದ್ದವನ್ನು ಅಳೆದು, ಮೂತಿಯನ್ನು ಮೇಜಿನಂಚಿಗೆ ಹೆಬ್ಬೆರಳಿನ ಬಲದಿಂದ ಒತ್ತಿ, ಮತ್ತೆ ಅಳೆಯಬೇಕು. ಉದ್ದ ಕಡಿಮೆಯಾದರೆ ಹಿಡಿತ ಸಾಲದು. ಪಿಸ್ತೂಲಿನಿಂದ ಬಿಚ್ಚಿದ ನಳಿಗೆಗೆ ಹಾಕಿದರೆ ಅದು ತಾನೇ ಬಿದ್ದು ಕೂರಬೇಕು, ತಲೆಕೆಳಗು ಮಾಡಿದರೆ ತಾನೇ ಹೊರಬರಬೇಕು.

ಮೊದಲು ಕೋವಿಯ ಗೂಡು, ಆಮೇಲೆ ಗುಂಡಿನ ಆಕಾರ, ಅನಂತರ ಡೈ, ಕಟ್ಟಕಡೆಗೆ ಬೆಲೆ. ಆಯ್ಕೆ ಈ ಕ್ರಮದಲ್ಲಿ ನಡೆದರೆ ತಪ್ಪಿಗೆ ಎಡೆ ಕಡಿಮೆ.